ಇಂಗ್ಲಿಷ್ ರೊಮ್ಯಾಂಟಿಕ್ ಯುಗದ ಬಂಡಾಯ ಬರಹಗಾರರನ್ನು ಓದಲು ಒಂದು ದಾರಿ

ರೊಮ್ಯಾಂಟಿಕ್ ಕವಿಗಳು ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಕಾಲೇಜಿನ ಪಠ್ಯ ನೆನಪಾಗುತ್ತದೆ. ವರ್ಡ್ಸ್‌ವರ್ತ್‌ನ ಡ್ಯಾಫೊಡಿಲ್ ಹೂಗಳು, ಶೆಲ್ಲಿಯ ಬಾನಾಡಿ, ಕೀಟ್ಸ್‌ನ ನೈಟಿಂಗೇಲ್. ಕನ್ನಡ ಸಾಹಿತ್ಯದ ಕಡೆಯಿಂದ ಬಂದವರಿಗೆ ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’. ಇದೆಲ್ಲ ಚೆಂದವೇ. ಆದರೆ ಅದೇ ಕಾಲದಲ್ಲಿ ಲಂಡನ್ನಿನ ಸರ್ಕಾರ ಬೂಟು ಹೊಲಿಯುವ ಒಬ್ಬನನ್ನು ರಾಜದ್ರೋಹಿ ಅಂತ ಕೊಲ್ಲಿಸಲು ನೋಡಿತು. ಪುಸ್ತಕ ಮಾರಿದ್ದಕ್ಕೆ ಜನ ಜೈಲಿಗೆ ಹೋದರು. ಓಟು ಕೇಳಲು ಸೇರಿದವರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಆ ಕವಿತೆಗಳು ಹುಟ್ಟಿದ್ದು ಈ ಗಲಾಟೆಯ ನಡುವೆ. ನಮ್ಮ ಪಠ್ಯಪುಸ್ತಕಗಳು ಗಲಾಟೆಯನ್ನು ಬಿಟ್ಟು ಹೂವನ್ನಷ್ಟೇ ಉಳಿಸಿಕೊಂಡವು.

ಈ ಲೇಖನ ಆ ಗಲಾಟೆಯನ್ನು ಓದಲು ಬಯಸುವವರಿಗೆ. ಇಂಗ್ಲಿಷ್ ಎಂ.ಎ. ಮಾಡಿರಬೇಕಾಗಿಲ್ಲ. ದಿನಪತ್ರಿಕೆಯ ಇಂಗ್ಲಿಷ್ ಓದಲು ಬಂದರೆ ಸಾಕು, ಉಳಿದದ್ದಕ್ಕೆ ತಾಳ್ಮೆ ಬೇಕು. ನಾನು ಹೇಳುವ ಮುಖ್ಯ ಮಾತು ಒಂದೇ. ಇವರನ್ನು ಒಬ್ಬೊಬ್ಬರನ್ನಾಗಿ, ದೊಡ್ಡವರ ಫೋಟೋ ಸಾಲಿನಂತೆ ಓದಬೇಡಿ. ಒಬ್ಬರಿಗೊಬ್ಬರು ಕೊಟ್ಟ ಉತ್ತರವಾಗಿ ಓದಿ. ಇವರು ಜಗಳವಾಡುತ್ತಲೇ ಬರೆದವರು. ಎದುರಾಳಿಯ ಮಾತು ಕೇಳಿಸದಿದ್ದರೆ ಇವರ ಮಾತಿನ ಬಿಸಿಯೂ ತಟ್ಟುವುದಿಲ್ಲ.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್, ಮೂರು ಕಾಲಂ

ಓದು ಶುರು ಮಾಡುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಕೊಳ್ಳಿ. ಎಡಗಡೆ ವರ್ಷ. ನಡುವೆ ಪುಸ್ತಕದ ಹೆಸರು, ಗೊತ್ತಾದರೆ ಅದರ ಬೆಲೆ. ಬಲಗಡೆ, ಆಗ ಸರ್ಕಾರ ಏನು ಮಾಡಿತು ಅನ್ನುವುದು. ಬೆಲೆ ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಆಗ 12 ಪೆನ್ನಿಗೆ 1 ಶಿಲಿಂಗ್, 20 ಶಿಲಿಂಗಿಗೆ 1 ಪೌಂಡ್. ಹೊಲದಲ್ಲಿ ದುಡಿಯುವ ಕೂಲಿಯವನಿಗೆ ವಾರಕ್ಕೆ ಸುಮಾರು 8-10 ಶಿಲಿಂಗ್ ಸಿಗುತ್ತಿತ್ತು. ಇದನ್ನು ಮೊದಲ ಪುಟದಲ್ಲೇ ಬರೆದಿಡಿ. ಎಡಗಡೆಯ ಕಾಲಂ 1789ರಿಂದ 1832ರವರೆಗೆ ಹೋಗಲಿ. ಫ್ರಾನ್ಸಿನ ಕ್ರಾಂತಿಯಿಂದ ಹಿಡಿದು ಇಂಗ್ಲೆಂಡಿನ ಮತದಾನ ಸುಧಾರಣೆಯ ಕಾಯ್ದೆಯವರೆಗೆ.

ಪುಸ್ತಕಗಳಿಗೆ ದುಡ್ಡು ಹಾಕಬೇಕಾಗಿಲ್ಲ. ಹೆಚ್ಚಿನವು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲೂ ವಿಕಿಸೋರ್ಸ್‌ನಲ್ಲೂ ಉಚಿತವಾಗಿವೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಮೊದಲ ಮುದ್ರಣಗಳ ಸ್ಕ್ಯಾನ್ ಕೂಡ ಸಿಗುತ್ತವೆ. ಆದರೆ ಅಲ್ಲೊಂದು ತೊಡಕಿದೆ. 1790ರ ದಶಕದ ಮುದ್ರಣದಲ್ಲಿ ‘ಎಸ್’ ಅಕ್ಷರ ಬಹಳ ಕಡೆ ‘ಎಫ್’ ಥರ ಕಾಣುತ್ತದೆ, ಹತ್ತು ಪುಟಕ್ಕೆ ಕಣ್ಣು ದಣಿಯುತ್ತದೆ. ಓದುವುದಕ್ಕೆ ಹೊಸದಾಗಿ ಟೈಪ್ ಮಾಡಿದ ಪ್ರತಿಯನ್ನೇ ಇಟ್ಟುಕೊಳ್ಳಿ, ಹಳೆಯದನ್ನು ನೋಡುವ ಖುಷಿಗೆ ಒಮ್ಮೆ ತೆರೆಯಿರಿ. ಉದ್ದುದ್ದ ವಾಕ್ಯಗಳು ತಲೆಗೆ ಹೋಗದಿದ್ದರೆ ಲಿಬ್ರಿವಾಕ್ಸ್‌ನಲ್ಲಿ ಆಡಿಯೋ ಹುಡುಕಿ. ಇವರಲ್ಲಿ ಅನೇಕರು ಭಾಷಣ, ಪ್ರವಚನ ಕೇಳಿ ಬೆಳೆದವರು. ಕಣ್ಣಿಗೆ ಕಷ್ಟವಾದ ವಾಕ್ಯ ಎಷ್ಟೋ ಸಲ ಕಿವಿಗೆ ಸುಲಭ.

ಎರಡನೇ ಹೆಜ್ಜೆ: ಎದುರಾಳಿಯಿಂದ ಶುರು ಮಾಡಿ

1789ರ ನವೆಂಬರ್ 4ರಂದು ಲಂಡನ್ನಿನ ಓಲ್ಡ್ ಜ್ಯೂರಿಯ ಪ್ರಾರ್ಥನಾ ಮಂದಿರದಲ್ಲಿ ರಿಚರ್ಡ್ ಪ್ರೈಸ್ ಎಂಬ ವಯಸ್ಸಾದ ಪಾದ್ರಿ ಒಂದು ಪ್ರವಚನ ಕೊಟ್ಟ. ಪ್ಯಾರಿಸ್ಸಿನ ಬಾಸ್ಟೀಲ್ ಸೆರೆಮನೆಯ ಕೋಟೆ ಕ್ರಾಂತಿಯವರ ಕೈಗೆ ಬಿದ್ದು ನಾಲ್ಕು ತಿಂಗಳೂ ಆಗಿರಲಿಲ್ಲ. ದೇಶವನ್ನು ಪ್ರೀತಿಸುವುದು ಅಂದರೆ ಅದರ ತಪ್ಪನ್ನೂ ಒಪ್ಪಿಕೊಳ್ಳುವುದಲ್ಲ, ತಮ್ಮನ್ನು ಆಳುವವರನ್ನು ಆರಿಸುವ ಹಕ್ಕು, ತಪ್ಪು ಮಾಡಿದರೆ ಕೆಳಗಿಳಿಸುವ ಹಕ್ಕು ಜನಕ್ಕಿದೆ ಎಂದ. ಇದು ಚಿಕ್ಕ ಪುಸ್ತಿಕೆ. ಒಂದು ಸಂಜೆಗೆ ಮುಗಿಯುತ್ತದೆ.

ಇದನ್ನು ಓದಿ ಸಿಟ್ಟಿಗೆದ್ದ ಪಾರ್ಲಿಮೆಂಟ್ ಸದಸ್ಯ ಎಡ್ಮಂಡ್ ಬರ್ಕ್ ಒಂದು ವರ್ಷದ ನಂತರ, 1790ರ ನವೆಂಬರ್ 1ರಂದು, ‘ಫ್ರಾನ್ಸ್ ಕ್ರಾಂತಿಯ ಬಗ್ಗೆ ಚಿಂತನೆಗಳು’ ಪ್ರಕಟಿಸಿದ. ಬಂಡಾಯದವರನ್ನು ಓದುವವನು ಬರ್ಕ್‌ನನ್ನು ಬಿಡುವಂತಿಲ್ಲ. ಪೂರ್ತಿ ಓದಲೇಬೇಕು ಅಂತ ಹಟ ಬೇಡ. ಪ್ರೈಸ್ ಮೇಲೆ ಹರಿಹಾಯುವ ಮೊದಲ ಭಾಗ ಓದಿ. ನಂತರ ಫ್ರಾನ್ಸಿನ ರಾಣಿ ಮರೀ ಆಂತ್ವನೆತ್‌ಳನ್ನು ತಾನು ಕಂಡ ದಿನವನ್ನು ಅವನು ನೆನೆಯುವ ಪುಟಗಳಿಗೆ ಹೋಗಿ. ಆಕೆಗೆ ಅವಮಾನವಾದರೆ ಹತ್ತು ಸಾವಿರ ಕತ್ತಿಗಳು ಒರೆಯಿಂದ ಹೊರಬರಬೇಕಿತ್ತು ಅಂತ ಅವನು ಮರುಗುತ್ತಾನೆ. ಅದೇ ಪುಸ್ತಕದಲ್ಲಿ ಸಾಮಾನ್ಯ ಜನರನ್ನು ‘ಹಂದಿಗಳ ಹಿಂಡು’ ಎಂಬ ಅರ್ಥ ಬರುವಂತೆ ಕರೆದ. ಈ ಎರಡು ಜಾಗಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಮುಂದಿನ ಹತ್ತು ವರ್ಷದ ಸಿಟ್ಟೆಲ್ಲ ಇಲ್ಲಿಂದ ಹೊರಡುತ್ತದೆ.

ಬರ್ಕ್‌ನನ್ನು ಸುಮ್ನೆ ಖಳನಾಯಕ ಅಂದುಕೊಂಡರೆ ಅನ್ಯಾಯವಾಗುತ್ತದೆ. ವಾರನ್ ಹೇಸ್ಟಿಂಗ್ಸ್‌ನನ್ನು ಪಾರ್ಲಿಮೆಂಟಿನ ಮುಂದೆ ವರ್ಷಗಟ್ಟಲೆ ವಿಚಾರಣೆಗೆ ನಿಲ್ಲಿಸಿದವನು ಇವನೇ. 1785ರಲ್ಲಿ ಆರ್ಕಾಟಿನ ನವಾಬನ ಸಾಲದ ಬಗ್ಗೆ ಅವನು ಮಾಡಿದ ಭಾಷಣದಲ್ಲಿ, ಮೈಸೂರಿನ ಹೈದರಾಲಿ 1780ರಲ್ಲಿ ಕರ್ನಾಟಿಕ್ (ಆ ನವಾಬನ ಸೀಮೆ) ಮೇಲೆ ನುಗ್ಗಿದ್ದರ ವರ್ಣನೆ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ದುರಾಸೆಯೇ ಆ ಅನಾಹುತವನ್ನು ತಂದುಕೊಂಡಿತು ಅನ್ನುವುದು ಅವನ ವಾದ. ಮೈಸೂರು ಇತಿಹಾಸದಲ್ಲಿ ಆಸಕ್ತಿ ಇದ್ದವರು ಅದನ್ನು ಹುಡುಕಿ ಓದಿ. ಇಂಡಿಯಾದ ರೈತನಿಗಾಗಿ ಅಷ್ಟು ಮರುಗಿದವನು ಪ್ಯಾರಿಸ್ಸಿನ ಹಸಿದವನನ್ನು ಯಾಕೆ ಕಾಣಲಿಲ್ಲ ಎಂಬ ಪ್ರಶ್ನೆ ಆಗ ನಿಮ್ಮಲ್ಲೇ ಏಳುತ್ತದೆ. ಅವನ ವಿರೋಧಿಗಳು ಕೇಳಿದ್ದೂ ಸುಮಾರಾಗಿ ಇದನ್ನೇ.

ಮೊದಲು ಉತ್ತರ ಕೊಟ್ಟವಳು ಮೇರಿ ವುಲ್‌ಸ್ಟನ್‌ಕ್ರಾಫ್ಟ್. ಬರ್ಕ್‌ನ ಪುಸ್ತಕ ಬಂದ ತಿಂಗಳೊಳಗೆ, ನವೆಂಬರ್ 29ಕ್ಕೆ, ‘ಮನುಷ್ಯರ ಹಕ್ಕುಗಳ ಸಮರ್ಥನೆ’ ಹೊರಬಂತು. ಮೊದಲ ಮುದ್ರಣದಲ್ಲಿ ಹೆಸರೇ ಇರಲಿಲ್ಲ, ಎರಡನೆಯದರಲ್ಲಿ ಹಾಕಿಕೊಂಡಳು. ಆಕೆ ಬರೆದ ಹಾಗೆಯೇ ಹಾಳೆಗಳು ಅಚ್ಚಾಗುತ್ತಿದ್ದವು. ನಡುವೆ ಒಂದು ದಿನ ಆಕೆಗೆ ಕೈಸೋತಿತು. ಪ್ರಕಾಶಕ ಜೋಸೆಫ್ ಜಾನ್ಸನ್ ಬಳಿ ಹೋಗಿ ಹೇಳಿಕೊಂಡಳು. ಬೇಡವೆಂದರೆ ಬಿಡು, ಅಚ್ಚಾದ ಹಾಳೆಗಳನ್ನು ಖುಷಿಯಿಂದಲೇ ಎಸೆದುಬಿಡುತ್ತೇನೆ ಅಂದನಂತೆ ಅವನು. ಆ ಮಾತು ಆಕೆಗೆ ನಾಟಿತು. ಸೀದಾ ಮನೆಗೆ ಹೋಗಿ ಬರೆದು ಮುಗಿಸಿದಳು. ಈ ಸಂಗತಿಯನ್ನು ಮುಂದೆ ಆಕೆಯ ಗಂಡ ವಿಲಿಯಂ ಗಾಡ್ವಿನ್ ಬರೆದಿಟ್ಟಿದ್ದಾನೆ. ಪುಸ್ತಕ ಓದುವಾಗ ಆ ಅವಸರ ಕಾಣುತ್ತದೆ. ವಾದ ಅಲ್ಲಲ್ಲಿ ಎಡವುತ್ತದೆ, ಆದರೆ ದನಿ ಎಲ್ಲೂ ತಗ್ಗುವುದಿಲ್ಲ.

ಮೂರನೇ ಹೆಜ್ಜೆ: ಪೇಯ್ನ್, ಮತ್ತು ಆರು ಪೆನ್ನಿಯ ಭಯ

ಈಗ ಥಾಮಸ್ ಪೇಯ್ನ್. ಹೆಂಗಸರ ಒಳಕವಚ ಹೊಲಿಯುವ ಕಸುಬು ಕಲಿತವನು, ಸುಂಕದ ನೌಕರಿ ಮಾಡಿದವನು, ಅಮೆರಿಕಕ್ಕೆ ಹೋಗಿ 1776ರಲ್ಲಿ ‘ಕಾಮನ್ ಸೆನ್ಸ್’ ಬರೆದು ಹೆಸರಾದವನು. ‘ಮನುಷ್ಯನ ಹಕ್ಕುಗಳು’ ಮೊದಲ ಭಾಗ 1791ರ ಮಾರ್ಚ್‌ನಲ್ಲಿ ಬಂತು. ಇಂಗ್ಲಿಷ್ ಕಷ್ಟ ಅನ್ನುವವರು ಪ್ರೈಸ್ ಆದ ಮೇಲೆ ನೇರ ಇವನ ಬಳಿಗೇ ಬಂದರೂ ತಪ್ಪಿಲ್ಲ. ಚಿಕ್ಕ ವಾಕ್ಯ, ನೇರ ಮಾತು. ರಾಣಿಗಾಗಿ ಕಣ್ಣೀರಿಟ್ಟ ಬರ್ಕ್‌ಗೆ ಅವನು ಕೊಟ್ಟ ಉತ್ತರ ಒಂದೇ ಸಾಲು: ಈತ ಗರಿಗಳಿಗೆ ಮರುಗುತ್ತಾನೆ, ಸಾಯುತ್ತಿರುವ ಹಕ್ಕಿಯನ್ನು ಮರೆಯುತ್ತಾನೆ.

ನಿಮ್ಮ ನಡುವಿನ ಕಾಲಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೊದಲ ಭಾಗದ ಬೆಲೆ 3 ಶಿಲಿಂಗ್. ಸರ್ಕಾರ ಗೊಣಗಿತು, ಸುಮ್ಮನಿತ್ತು. 1792ರ ಫೆಬ್ರವರಿಯಲ್ಲಿ ಎರಡನೇ ಭಾಗ ಬಂತು. ಆಮೇಲೆ 6 ಪೆನ್ನಿಯ ಅಗ್ಗದ ಮುದ್ರಣವೂ ಬಂತು. ಮೇ 21ಕ್ಕೆ ದ್ರೋಹದ ಬರಹಗಳ ವಿರುದ್ಧ ರಾಜನ ಘೋಷಣೆ ಹೊರಟಿತು. ಡಿಸೆಂಬರ್ 18ರಂದು ಪೇಯ್ನ್ ಮೇಲೆ ವಿಚಾರಣೆ. ಅಷ್ಟರಲ್ಲಿ ಅವನು ಫ್ರಾನ್ಸ್ ಸೇರಿದ್ದ, ಅಲ್ಲಿನ ಸಭೆಗೆ ಆಯ್ಕೆಯೂ ಆಗಿದ್ದ. ಅವನಿಲ್ಲದೆಯೇ ಕೋರ್ಟು ಅವನನ್ನು ಅಪರಾಧಿ ಎಂದಿತು. ಅಟಾರ್ನಿ ಜನರಲ್ ಆ ದಿನ ಹೇಳಿದ ಮಾತನ್ನು ಎರಡು ಸಲ ಓದಿ. ಮೊದಲ ಭಾಗ ತಿಳಿವಳಿಕೆಯುಳ್ಳ ಓದುಗರ ಕೈಗಷ್ಟೇ ಹೋಗುತ್ತದೆ ಅಂತ ಬಿಟ್ಟಿದ್ದೆವು. ಎರಡನೆಯದನ್ನು ಎಲ್ಲ ಬಗೆಯ ಜನರ ಕೈಗೆ ತುರುಕುತ್ತಿದ್ದಾರೆ, ಮಕ್ಕಳ ಮಿಠಾಯಿಯನ್ನೂ ಇದರ ಹಾಳೆಯಲ್ಲಿ ಸುತ್ತಿ ಕೊಡುತ್ತಿದ್ದಾರೆ ಅಂದ. ವಿಚಾರ ಎಷ್ಟು ಅಪಾಯಕಾರಿ ಅನ್ನುವುದನ್ನು ಸರ್ಕಾರ ಅಳೆದದ್ದು ಅದು ಯಾರ ಕೈಗೆ ಸಿಗುತ್ತದೆ ಅನ್ನುವುದರಿಂದ.

ಎರಡನೇ ಭಾಗದ ಐದನೇ ಅಧ್ಯಾಯವನ್ನು ಬಿಡಲೇಬೇಡಿ. ತೆರಿಗೆಯ ಲೆಕ್ಕದ ಪಟ್ಟಿಗಳು ಬಂದಾಗ ಕಣ್ಣಾಡಿಸಿ ಮುಂದೆ ಹೋಗಬಹುದು. ಆದರೆ ಯೋಜನೆಯನ್ನು ನೋಡಿ. 14 ವರ್ಷದೊಳಗಿನ ಬಡವರ ಮಗುವೊಂದಕ್ಕೆ ವರ್ಷಕ್ಕೆ 4 ಪೌಂಡ್. 50 ದಾಟಿದ ಬಡವರಿಗೆ ವರ್ಷಕ್ಕೆ 6 ಪೌಂಡ್, 60 ದಾಟಿದರೆ 10 ಪೌಂಡ್. ಇದು ಭಿಕ್ಷೆ ಅಲ್ಲ, ಹಕ್ಕು ಅಂತ ಒತ್ತಿ ಹೇಳುತ್ತಾನೆ. ದುಡಿಯುವಾಗ ತೆರಿಗೆ ಕಟ್ಟಿಲ್ಲವೇ ಅನ್ನುವುದು ಅವನ ಲೆಕ್ಕ. ವೃದ್ಧಾಪ್ಯ ವೇತನದ ಬಗ್ಗೆ ನಾವು ಇವತ್ತು ಮಾತಾಡುವ ಧಾಟಿಯೇ, ಅಲ್ವಾ? ಅದೂ 1792ರಲ್ಲಿ.

ಇದರ ಪಕ್ಕದಲ್ಲೇ ವಿಲಿಯಂ ಗಾಡ್ವಿನ್‌ನ ‘ಪೊಲಿಟಿಕಲ್ ಜಸ್ಟಿಸ್’ ಬರೆದುಕೊಳ್ಳಿ. 1793ರ ಫೆಬ್ರವರಿ, ಬೆಲೆ 1 ಪೌಂಡ್ 16 ಶಿಲಿಂಗ್. ಅಂದರೆ ಕೂಲಿಯವನ ಸುಮಾರು ಒಂದು ತಿಂಗಳ ಸಂಪಾದನೆ. ಒಂದು ದಿನ ಸರ್ಕಾರವೇ ಬೇಡವಾಗುತ್ತದೆ ಅನ್ನುವ ಪುಸ್ತಕ ಅದು, ಪೇಯ್ನ್‌ಗಿಂತ ಎಷ್ಟೋ ಮುಂದೆ ಹೋಗಿತ್ತು. ಅದರ ಮೇಲೆ ಮೊಕದ್ದಮೆ ಹೂಡಲೇ ಇಲ್ಲ. ಈ ಪುಸ್ತಕವನ್ನು ಪೂರ್ತಿ ಓದಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆಸ್ತಿಯ ಬಗ್ಗೆ ಇರುವ ಕೊನೆಯ ಭಾಗ ಸಾಕು.

ನಾಲ್ಕನೇ ಹೆಜ್ಜೆ: ‘ಮಹಿಳೆಯ ಹಕ್ಕುಗಳ ಸಮರ್ಥನೆ’ಗೆ ಹಿಂಬಾಗಿಲಿನಿಂದ ಹೋಗಿ

ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ತಂದ ಈ ಪುಸ್ತಕವನ್ನು ಹಿಡಿದವರಲ್ಲಿ ಅನೇಕರು ಮೂರನೇ ಅಧ್ಯಾಯದೊಳಗೆ ಕೈಬಿಡುತ್ತಾರೆ. ವಾಕ್ಯಗಳು ಉದ್ದ, ಹೇಳಿದ್ದನ್ನೇ ಹೇಳಿದಂತೆ ಅನಿಸುತ್ತದೆ. ಹಾಗಾಗಿ ಮೊದಲಿನಿಂದ ಶುರು ಮಾಡಬೇಡಿ.

ಮೊದಲು ಅರ್ಪಣೆಯ ಪತ್ರ ಓದಿ. ಅದು ಫ್ರಾನ್ಸಿನ ರಾಜಕಾರಣಿ ತಾಲೆರಾಂಗೆ ಬರೆದದ್ದು. ಕ್ರಾಂತಿಯ ಫ್ರಾನ್ಸಿಗಾಗಿ ಅವನು ಸಿದ್ಧಪಡಿಸಿದ ಶಿಕ್ಷಣದ ವರದಿಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಎಂಟು ವರ್ಷದವರೆಗೆ ಮಾತ್ರ, ಆಮೇಲೆ ಮನೆ. ಎಲ್ಲರ ಹಕ್ಕಿನ ಮಾತಾಡುವ ನೀವೇ ಅರ್ಧ ಜನವನ್ನು ಹೊರಗಿಟ್ಟಿರಿ, ಅದಕ್ಕೆ ಕಾರಣ ಕೊಡಿ ಅಂತ ಆಕೆ ನೇರ ಕೇಳುತ್ತಾಳೆ. ಆಮೇಲೆ ಹನ್ನೆರಡನೇ ಅಧ್ಯಾಯಕ್ಕೆ ಜಿಗಿಯಿರಿ. ಅಲ್ಲಿ ಶಾಲೆಯ ಯೋಜನೆ ಇದೆ. 5ರಿಂದ 9 ವರ್ಷದ ಮಕ್ಕಳಿಗೆ ಉಚಿತ ಶಾಲೆ, ಎಲ್ಲ ವರ್ಗದವರಿಗೂ ತೆರೆದದ್ದು, ಹುಡುಗ ಹುಡುಗಿ ಒಟ್ಟಿಗೆ. ನಂತರ ಒಂಬತ್ತನೇ ಅಧ್ಯಾಯ. ಹೆಂಗಸರು ವೈದ್ಯ ಕಲಿಯಲಿ, ವ್ಯಾಪಾರ ಮಾಡಲಿ, ಪಾರ್ಲಿಮೆಂಟಿನಲ್ಲಿ ತಮಗೂ ಪ್ರತಿನಿಧಿಗಳಿರಲಿ ಅನ್ನುವ ಮಾತು ಇಲ್ಲಿ ಬರುತ್ತದೆ. ಕೊನೆಗೆ ನಾಲ್ಕನೆಯದು. ಹೆಂಗಸರಿಗೆ ಗಂಡಸರ ಮೇಲೆ ಅಧಿಕಾರ ಬೇಕು ಅಂತ ನಾನು ಕೇಳುತ್ತಿಲ್ಲ, ತಮ್ಮ ಮೇಲೆ ತಮಗೇ ಅಧಿಕಾರ ಬೇಕು ಎಂಬ ಸಾಲು ಸಿಗುವುದು ಅಲ್ಲೇ. ಇಷ್ಟಾದ ಮೇಲೆ ಮೊದಲಿನಿಂದ ಓದಿದರೆ, ಹೇಳಿದ್ದನ್ನೇ ಹೇಳುತ್ತಿದ್ದಾಳೆ ಅನ್ನಿಸಿದ್ದು ಹಟ ಹಿಡಿದು ವಾದಿಸುವ ರೀತಿ ಅಂತ ಗೊತ್ತಾಗುತ್ತದೆ.

ಆಕೆ 1797ರ ಸೆಪ್ಟೆಂಬರ್ 10ರಂದು ತೀರಿಕೊಂಡಳು, ಹೆರಿಗೆಯಾಗಿ ಹನ್ನೊಂದು ದಿನಕ್ಕೆ. ಹುಟ್ಟಿದ ಮಗು ಮುಂದೆ ‘ಫ್ರಾಂಕೆನ್‌ಸ್ಟೈನ್’ ಬರೆದ ಮೇರಿ ಶೆಲ್ಲಿ. ಗಾಡ್ವಿನ್‌ನ ದಿನಚರಿಯನ್ನು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಆನ್‌ಲೈನ್‌ನಲ್ಲಿ ಇಟ್ಟಿದೆ. ಆ ದಿನದ ಪುಟ ತೆರೆದು ನೋಡಿ. ಎಂಟಕ್ಕೆ 20 ನಿಮಿಷ ಇದ್ದಾಗ ಅಂತ ಸಮಯ ಬರೆದಿದ್ದಾನೆ. ಮುಂದೆ ಮಾತಿಲ್ಲ, ಬರೀ ಗೆರೆ ಎಳೆದಿದ್ದಾನೆ. ನೂರಾರು ಪುಟ ತರ್ಕ ಬರೆದ ಮನುಷ್ಯ.

ಐದನೇ ಹೆಜ್ಜೆ: ಒಬ್ಬ ವಕೀಲನ ಹೆಸರನ್ನು ಹಿಡಿದು ಹೋಗಿ

ಇಲ್ಲಿಂದ ಬೀದಿಗೆ ಇಳಿಯೋಣ. 1792ರ ಜನವರಿಯಲ್ಲಿ ಲಂಡನ್ನಿನ ಸ್ಟ್ರ್ಯಾಂಡ್ ಪಕ್ಕದ ‘ಬೆಲ್’ ಎಂಬ ಮದ್ಯದಂಗಡಿಯಲ್ಲಿ ಕೆಲವು ಕೆಲಸಗಾರರು ಸೇರಿದರು. ಬ್ರೆಡ್ಡು, ಚೀಸು, ಪೋರ್ಟರ್ ಬಿಯರ್ ಊಟ ಆಯಿತು. ನಂತರ ಮಾತು ಶುರುವಾಯಿತು: ದುಡಿಯುವ ನಮಗೆ ಪಾರ್ಲಿಮೆಂಟಿಗೆ ಓಟು ಹಾಕುವ ಹಕ್ಕು ಇದೆಯೋ ಇಲ್ಲವೋ? ಕರೆದವನು ಥಾಮಸ್ ಹಾರ್ಡಿ, ಬೂಟು ಹೊಲಿಯುವವನು. ಹೀಗೆ ಹುಟ್ಟಿದ್ದು ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿ. ವಾರಕ್ಕೆ 1 ಪೆನ್ನಿ ಚಂದಾ. ಮೊದಲ ನಿಯಮವೇ ಸದಸ್ಯರ ಸಂಖ್ಯೆಗೆ ಮಿತಿ ಇಲ್ಲ ಅನ್ನುವುದು. ಗುಲಾಮನಾಗಿದ್ದು ಬಿಡುಗಡೆ ಪಡೆದು ತನ್ನ ಆತ್ಮಕಥೆ ಬರೆದ ಒಲೌಡಾ ಎಕ್ವಿಯಾನೋ ಕೂಡ ಇದರ ಸದಸ್ಯ. ಹಾರ್ಡಿಯ ಮನೆಯಲ್ಲೇ ಉಳಿದುಕೊಂಡಿದ್ದ.

1794ರ ಮೇ 12ರಂದು ಹಾರ್ಡಿಯನ್ನು ಹಿಡಿದರು. ಅವನು ಟವರ್ ಸೆರೆಮನೆಯಲ್ಲಿದ್ದಾಗ, ನೌಕಾಪಡೆಯ ಗೆಲುವನ್ನು ಆಚರಿಸುತ್ತಿದ್ದ ಗುಂಪು ಅವನ ಮನೆಗೆ ನುಗ್ಗಿತು. ಬಸುರಿ ಹೆಂಡತಿ ಲಿಡಿಯಾ ಹಿಂದಿನ ಕಿಟಕಿಯಿಂದ ತಪ್ಪಿಸಿಕೊಳ್ಳುವಾಗ ಪೆಟ್ಟು ತಿಂದಳು. ಆಗಸ್ಟ್‌ನಲ್ಲಿ ಸತ್ತ ಮಗುವನ್ನು ಹೆತ್ತು ತೀರಿಕೊಂಡಳು. ಗಂಡನಿಗೆ ಬರೆಯುತ್ತಿದ್ದ ಕಾಗದ ಅರ್ಧಕ್ಕೇ ನಿಂತಿತು. ಹಾರ್ಡಿಯ ಆತ್ಮಕಥೆಯಲ್ಲಿ ಇದನ್ನು ಓದದೆ ಮುಂದೆ ಹೋಗಬೇಡಿ. ರಾಜಕೀಯ ವಾದದ ಪುಸ್ತಕಗಳಲ್ಲಿ ಲಿಡಿಯಾಳಂಥವರು ಸಿಗುವುದಿಲ್ಲ.

ವಿಚಾರಣೆಯಲ್ಲಿ ಸರ್ಕಾರದ ಪರ ವಾದಿಸಿದ ಅಟಾರ್ನಿ ಜನರಲ್ ಹೆಸರು ಸರ್ ಜಾನ್ ಸ್ಕಾಟ್. ಈ ಹೆಸರಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಮೊದಲ ದಿನ ಒಂಬತ್ತು ಗಂಟೆ ಮಾತಾಡಿದ. ಓಟು ಕೇಳುವುದು ರಾಜನ ಸಾವನ್ನು ಬಯಸಿದ್ದಕ್ಕೆ ಸಮ ಅಂತ ಸಾಧಿಸಲು ಅಷ್ಟು ಹೊತ್ತು ಬೇಕಾಯಿತು. ಜ್ಯೂರಿ ನಂಬಲಿಲ್ಲ. ನವೆಂಬರ್ 5ಕ್ಕೆ ಹಾರ್ಡಿ ಬಿಡುಗಡೆಯಾದ. ಹಿಂದೆಯೇ ಅದೇ ಆರೋಪ ಹೊತ್ತಿದ್ದ ಹಾರ್ನ್ ಟೂಕ್, ಜಾನ್ ಥೆಲ್ವಾಲ್ ಕೂಡ. ಸರ್ಕಾರ ಅಷ್ಟಕ್ಕೆ ಬಿಡಲಿಲ್ಲ. 1795ರಲ್ಲಿ 50ಕ್ಕಿಂತ ಜಾಸ್ತಿ ಜನ ಸೇರುವ ರಾಜಕೀಯ ಸಭೆಗೆ ಕಡಿವಾಣ ಹಾಕುವ ಕಾಯ್ದೆ ತಂದಿತು. 1799ರಲ್ಲಿ ಸೊಸೈಟಿಯನ್ನೇ ನಿಷೇಧಿಸಿತು.

ಈ ಹೊತ್ತಿನ ಉಸಿರುಗಟ್ಟಿದ ವಾತಾವರಣ ತಿಳಿಯಬೇಕಾದರೆ ಗಾಡ್ವಿನ್‌ನ ಕಾದಂಬರಿ ‘ಕೇಲಬ್ ವಿಲಿಯಮ್ಸ್’ ಓದಿ. ಹಾರ್ಡಿಯನ್ನು ಹಿಡಿದ ತಿಂಗಳಲ್ಲೇ ಅದು ಬಂತು. ಯಜಮಾನನ ಗುಟ್ಟು ತಿಳಿದ ಸೇವಕನನ್ನು ಆ ಯಜಮಾನ ದೇಶವಿಡೀ ಬೆನ್ನಟ್ಟುವ ಕಥೆ. ಪುಸ್ತಕ ಮಾರುವವರು ಹೆದರಿದ್ದರಿಂದ ಮೊದಲ ಮುದ್ರಣದಲ್ಲಿ ಮುನ್ನುಡಿಯನ್ನೇ ಕೈಬಿಟ್ಟರು. ಪತ್ತೇದಾರಿ ಕಾದಂಬರಿ ಓದುವ ವೇಗದಲ್ಲೇ ಇದನ್ನು ಓದಬಹುದು. ಗಾಡ್ವಿನ್‌ನಲ್ಲಿ ಒಂದೇ ಪುಸ್ತಕ ಓದುವುದಾದರೆ ಇದನ್ನೇ ಆರಿಸಿ.

ಆರನೇ ಹೆಜ್ಜೆ: ಬ್ಲೇಕ್‌ನ ಹದಿನಾರು ಸಾಲು, ಒಂದು ವಾರ

ವಿಲಿಯಂ ಬ್ಲೇಕ್‌ನ ದೊಡ್ಡ ಪ್ರವಾದಿ ಕಾವ್ಯಗಳಿಗೆ ಈಗಲೇ ಕೈ ಹಾಕಬೇಡಿ. 1794ರ ‘ಸಾಂಗ್ಸ್ ಆಫ್ ಇನೊಸೆನ್ಸ್ ಅಂಡ್ ಆಫ್ ಎಕ್ಸ್‌ಪೀರಿಯನ್ಸ್’ನಲ್ಲಿರುವ ‘ಲಂಡನ್’ ಕವಿತೆ ಒಂದನ್ನೇ ತೆಗೆದುಕೊಳ್ಳಿ. ಬ್ಲೇಕ್ ಆರ್ಕೈವ್ ಜಾಲತಾಣದಲ್ಲಿ ಅವನೇ ಕೆತ್ತಿ ಬಣ್ಣ ಹಚ್ಚಿದ ಪುಟ ಸಿಗುತ್ತದೆ. ಅವನು ಕಸುಬಿನಲ್ಲಿ ತಾಮ್ರದ ಹಾಳೆ ಕೆತ್ತುವವನು. ಕವಿತೆಯನ್ನು ಚಿತ್ರದೊಂದಿಗೇ ನೋಡಬೇಕು.

ಮೊದಲ ದಿನ ಸುಮ್ನೆ ಜೋರಾಗಿ ಓದಿ. ಮರುದಿನ, ಕವಿ ಏನನ್ನು ನೋಡುತ್ತಾನೆ, ಏನನ್ನು ಕೇಳುತ್ತಾನೆ ಅಂತ ಎರಡು ಪಟ್ಟಿ ಮಾಡಿ. ಮುಖದ ಮೇಲಿನ ಗುರುತುಗಳನ್ನು ನೋಡುತ್ತಾನೆ. ಆಮೇಲೆಲ್ಲ ಕೇಳುವುದೇ. ಮಗುವಿನ ಅಳು, ಹೊಗೆಗೂಡು ಬಳಿಯುವ ಹುಡುಗನ ಕೂಗು, ಸೈನಿಕನ ನಿಟ್ಟುಸಿರು, ಬೀದಿಯ ಹೆಣ್ಣಿನ ಶಾಪ. ಆ ಕೂಗು ಚರ್ಚಿಗೆ ತಾಗುತ್ತದೆ, ನಿಟ್ಟುಸಿರು ಅರಮನೆಯ ಗೋಡೆಯ ಮೇಲೆ ರಕ್ತವಾಗಿ ಇಳಿಯುತ್ತದೆ. ಭಾಷಣವಿಲ್ಲ, ವಾದವಿಲ್ಲ. ಯಾರ ನೋವಿಗೆ ಯಾರು ಹೊಣೆ ಅನ್ನುವುದನ್ನು ಶಬ್ದವೇ ಹೋಗಿ ಮುಟ್ಟಿ ತೋರಿಸುತ್ತದೆ.

ಮೂರನೇ ದಿನ ಅವನ ಕರಡು ನೋಡಿ. ಅವನ ನೋಟ್‌ಬುಕ್ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅಲ್ಲಿ ಮೊದಲು ಬರೆದದ್ದು ಬರೀ ಕೊಳಕು ಬೀದಿ, ಕೊಳಕು ಥೇಮ್ಸ್. ಆಮೇಲೆ ಅದನ್ನು ಹೊಡೆದುಹಾಕಿ ಸನ್ನದಿನ ಬೀದಿ, ಸನ್ನದಿನ ಥೇಮ್ಸ್ ಮಾಡಿದ. ಸನ್ನದು ಅಂದರೆ ರಾಜ ಬರೆದುಕೊಟ್ಟ ಹಕ್ಕುಪತ್ರ. ಈಗ ಪೇಯ್ನ್‌ನ ಎರಡನೇ ಭಾಗಕ್ಕೆ ಮರಳಿ ಹೋಗಿ. ಸನ್ನದು ಹಕ್ಕು ಕೊಡುತ್ತದೆ ಅನ್ನುವುದೇ ಸುಳ್ಳು, ಅದು ಕೆಲವರಿಗೆ ಕೊಟ್ಟು ಉಳಿದವರಿಂದ ಕಿತ್ತುಕೊಳ್ಳುತ್ತದೆ ಅಂತ ಅವನು ಬರೆದಿದ್ದಾನೆ. ಹರಿಯುವ ನದಿಯೂ ಯಾರದೋ ಪಾಲಾಗಿದೆ ಅನ್ನುವ ಬ್ಲೇಕ್‌ನ ಸಂಕಟ ಆಗ ಪೂರ್ತಿ ತಿಳಿಯುತ್ತದೆ. ಈ ಕವಿತೆಯನ್ನು ನಾನು ಪೇಯ್ನ್ ಇಲ್ಲದೆ ಯಾರಿಗೂ ಓದಿಸುವುದಿಲ್ಲ.

ಏಳನೇ ಹೆಜ್ಜೆ: ಬಣ್ಣ ಬದಲಿಸಿದವರು

ವರ್ಡ್ಸ್‌ವರ್ತ್, ಕೋಲ್‌ರಿಜ್, ಸೌದಿ ಮೂವರೂ ಹರೆಯದಲ್ಲಿ ಬಂಡಾಯದವರೇ. ಕೋಲ್‌ರಿಜ್ ಮತ್ತು ಸೌದಿ 1794ರಲ್ಲಿ ಅಮೆರಿಕದ ಸಸ್ಕ್ವೆಹಾನ ನದಿಯ ದಂಡೆಯಲ್ಲಿ ಎಲ್ಲರೂ ಸಮಾನರಾಗಿ ಬದುಕುವ ಊರು ಕಟ್ಟಲು ಹೊರಟಿದ್ದರು. 1797ರಲ್ಲಿ ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ ಸಾಮರ್ಸೆಟ್‌ನಲ್ಲಿ ಇದ್ದಾಗ ಸರ್ಕಾರ ಗೂಢಚಾರನನ್ನೂ ಕಳಿಸಿತ್ತು. ಮುಂದೆ ಮೂವರೂ ಆಳುವವರ ಕಡೆ ಸೇರಿದರು. ಸೌದಿ 1813ರಲ್ಲಿ ರಾಜಕವಿಯಾದ.

ಇವರ ಬದಲಾವಣೆಯನ್ನು ಇವರ ಬಾಯಿಂದಲೇ ಕೇಳುವ ಮೊದಲು ವಿಲಿಯಂ ಹ್ಯಾಜ್ಲಿಟ್‌ನ ಪ್ರಬಂಧ ‘ಕವಿಗಳೊಂದಿಗೆ ನನ್ನ ಮೊದಲ ಪರಿಚಯ’ ಓದಿ. 1798ರ ಜನವರಿಯ ಚಳಿಯಲ್ಲಿ, 19 ವರ್ಷದ ಹ್ಯಾಜ್ಲಿಟ್ ಕೋಲ್‌ರಿಜ್‌ನ ಪ್ರವಚನ ಕೇಳಲು ಹತ್ತು ಮೈಲಿ ಕೆಸರಿನಲ್ಲಿ ನಡೆದು ಹೋಗಿದ್ದ. ಇದನ್ನು ಅವನು ಬರೆದದ್ದು 25 ವರ್ಷದ ನಂತರ. ಸ್ವತಃ ಕೊನೆಯವರೆಗೂ ಬದಲಾಗದವನು. ಸಿಟ್ಟಿದ್ದರೂ ಆ ದಿನದ ಬೆರಗನ್ನು ಒಂದಿಷ್ಟೂ ಕಡಿಮೆ ಮಾಡಿಲ್ಲ. ಇಂಗ್ಲಿಷ್ ಗದ್ಯದಲ್ಲಿ ನನಗೆ ಅತಿ ಪ್ರೀತಿಯ ಪುಟಗಳು ಇವು.

ಸೌದಿಯ ಕಥೆಗೆ ನಮ್ಮ ಕೆಂಪು ಶಾಯಿಯ ವಕೀಲ ಮತ್ತೆ ಬರುತ್ತಾನೆ. ಅಷ್ಟರಲ್ಲಿ ಸ್ಕಾಟ್ ‘ಲಾರ್ಡ್ ಎಲ್ಡನ್’ ಆಗಿ ಲಾರ್ಡ್ ಚಾನ್ಸಲರ್ ಹುದ್ದೆಯಲ್ಲಿದ್ದ, ಅಂದರೆ ದೇಶದ ನ್ಯಾಯಾಂಗದ ತುದಿಯಲ್ಲಿ. ಸೌದಿ 1794ರಲ್ಲಿ ‘ವಾಟ್ ಟೈಲರ್’ ಎಂಬ ಬಂಡಾಯದ ನಾಟಕ ಬರೆದು ಪ್ರಕಟಿಸದೆ ಬಿಟ್ಟಿದ್ದ. 1817ರಲ್ಲಿ ಯಾರೋ ಅದನ್ನು ಕದ್ದು ಅಚ್ಚು ಹಾಕಿದರು. ರಾಜಕವಿಗೆ ಮುಜುಗರ. ತಡೆ ಕೊಡಿ ಅಂತ ಎಲ್ಡನ್ ಬಳಿ ಹೋದ. ಸಮಾಜಕ್ಕೆ ಕೇಡು ತರುವ ಕೃತಿಗೆ ಕಾನೂನಿನ ರಕ್ಷಣೆ ಇಲ್ಲ ಅಂತ ಎಲ್ಡನ್ ಅರ್ಜಿ ತಳ್ಳಿಹಾಕಿದ. ಇದರಿಂದ ನಾಟಕ ಇನ್ನೂ ಜಾಸ್ತಿ ಹರಡಿತು.

ಎಂಟನೇ ಹೆಜ್ಜೆ: ಬೈರನ್, ಶೆಲ್ಲಿ

ಬೈರನ್‌ನನ್ನು ಕವಿತೆಯಿಂದ ಶುರು ಮಾಡಬೇಡಿ, 1812ರ ಫೆಬ್ರವರಿ 27ರ ಭಾಷಣದಿಂದ ಶುರು ಮಾಡಿ. ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸ ಕಳೆದುಕೊಂಡ ನೇಕಾರರು ಮಗ್ಗಗಳನ್ನು ಒಡೆಯುತ್ತಿದ್ದರು. ಮಗ್ಗ ಒಡೆದರೆ ಮರಣದಂಡನೆ ಎಂಬ ಮಸೂದೆ ಬಂದಿತ್ತು. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತನ್ನ ಮೊದಲ ಭಾಷಣದಲ್ಲೇ ಬೈರನ್ ಅದನ್ನು ವಿರೋಧಿಸಿದ. ಪಾರ್ಲಿಮೆಂಟಿನ ಚರ್ಚೆಗಳ ‘ಹ್ಯಾನ್ಸಾರ್ಡ್’ ದಾಖಲೆಯಲ್ಲಿ ಆ ದಿನದ ಚರ್ಚೆ ಉಚಿತವಾಗಿ ಸಿಗುತ್ತದೆ. ಮಸೂದೆ ಪಾಸಾಯಿತು.

ಶೆಲ್ಲಿಗೆ ಬರುವಾಗ ಮೊದಲು ಬಲಗಡೆ ಕಾಲಂ ತುಂಬಿಸಿ. 1811: ನಾಸ್ತಿಕತೆಯ ಪುಸ್ತಿಕೆಗಾಗಿ ಆಕ್ಸ್‌ಫರ್ಡಿನಿಂದ ಹೊರಗೆ. 1817: ಮೊದಲ ಹೆಂಡತಿ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಅವನ ವಶಕ್ಕೆ ಕೊಡಲು ಕೋರ್ಟ್ ಒಪ್ಪಲಿಲ್ಲ. ‘ಕ್ವೀನ್ ಮ್ಯಾಬ್’ ಎಂಬ ಅವನದೇ ಕವಿತೆಯನ್ನು ಅವನ ವಿರುದ್ಧ ಸಾಕ್ಷಿಯಾಗಿ ತಂದರು. ತೀರ್ಪು ಕೊಟ್ಟವನು ಇದೇ ಎಲ್ಡನ್. 1819ರ ಆಗಸ್ಟ್ 16: ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನ. ಓಟಿನ ಹಕ್ಕು ಕೇಳಲು ಸುಮಾರು 60,000 ಜನ ಸೇರಿದ್ದರು, ಹೆಂಗಸರು ಬಿಳಿ ಉಡುಪು ತೊಟ್ಟು ಬಂದಿದ್ದರು. ಕುದುರೆ ದಳ ನುಗ್ಗಿತು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನಕ್ಕೆ ಗಾಯ. ಇದೇ ಪೀಟರ್‌ಲೂ.

ಇಟಲಿಯಲ್ಲಿದ್ದ ಶೆಲ್ಲಿಗೆ ಸುದ್ದಿ ತಲುಪಿದ್ದು ಸೆಪ್ಟೆಂಬರಿನಲ್ಲಿ. ಆಗ ಬರೆದ ‘ಮಾಸ್ಕ್ ಆಫ್ ಅನಾರ್ಕಿ’ಯನ್ನು ಈಗ ತೆರೆಯಿರಿ. ಬೀದಿ ಲಾವಣಿಯ ಧಾಟಿ, ಸಣ್ಣ ಪದಗಳು. ಗಟ್ಟಿಯಾಗಿ ಓದಿ. ಮೊದಲು ಮಂತ್ರಿಗಳ ಮೆರವಣಿಗೆ ಬರುತ್ತದೆ. ಎಲ್ಡನ್ ಚೆನ್ನಾಗಿ ಅಳುತ್ತಾನೆ, ಅವನ ದೊಡ್ಡ ದೊಡ್ಡ ಕಣ್ಣೀರ ಹನಿಗಳು ಬೀಳುತ್ತ ಬೀಳುತ್ತ ಬೀಸುವ ಕಲ್ಲಾಗುತ್ತವೆ. ರತ್ನ ಅಂತ ಅವುಗಳ ಜೊತೆ ಆಡುತ್ತಿದ್ದ ಮಕ್ಕಳ ತಲೆ ಒಡೆಯುತ್ತದೆ. 1817ರ ಸಾಲು ನಿಮ್ಮ ನೋಟ್‌ಬುಕ್ಕಿನಲ್ಲಿದ್ದರೆ ಇದು ಬರೀ ವ್ಯಂಗ್ಯ ಅಲ್ಲ, ಮಕ್ಕಳನ್ನು ಕಳೆದುಕೊಂಡ ತಂದೆಯ ಮಾತು ಅಂತ ಓದಿದೊಡನೆ ಗೊತ್ತಾಗುತ್ತದೆ. ‘ನೀವು ಬಹಳ ಮಂದಿ, ಅವರು ಕೆಲವರೇ’ ಎಂಬ ಕೊನೆಯ ಸಾಲು ಎಲ್ಲರಿಗೂ ಗೊತ್ತು. ಅದಕ್ಕಿಂತ ನಡುವಿನ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿ. ಸ್ವಾತಂತ್ರ್ಯ ಅಂದರೇನು ಅಂತ ಅಲ್ಲಿ ಕೇಳಿಕೊಳ್ಳುತ್ತಾನೆ. ದುಡಿಯುವವನಿಗೆ ಅದು ರೊಟ್ಟಿ, ಬಟ್ಟೆ, ಒಲೆಯ ಬೆಂಕಿ ಅನ್ನುತ್ತಾನೆ.

ಈ ಕವಿತೆಯನ್ನು ಅವನು ‘ಎಕ್ಸಾಮಿನರ್’ ಪತ್ರಿಕೆಯ ಲೀ ಹಂಟ್‌ಗೆ ಕಳಿಸಿದ. ರಾಜಕುಮಾರನನ್ನು ಟೀಕಿಸಿ ಎರಡು ವರ್ಷ ಜೈಲಲ್ಲಿದ್ದು ಬಂದಿದ್ದ ಹಂಟ್ ಆಗ ಅದನ್ನು ಅಚ್ಚು ಹಾಕಲಿಲ್ಲ. ಪ್ರಕಟವಾದದ್ದು 1832ರಲ್ಲಿ. ಶೆಲ್ಲಿ ಸಮುದ್ರದಲ್ಲಿ ಮುಳುಗಿ ಹತ್ತು ವರ್ಷವಾಗಿತ್ತು.

ಒಂಬತ್ತನೇ ಹೆಜ್ಜೆ: ಪಟ್ಟಿಯಿಂದ ಬಿಟ್ಟುಹೋದವರು

ಸಮಯ ಸಿಕ್ಕರೆ ಆನಾ ಬಾರ್ಬೋಲ್ಡ್‌ಳ ‘ಎಯ್ಟೀನ್ ಹಂಡ್ರೆಡ್ ಅಂಡ್ ಇಲೆವನ್’ ಓದಿ. ನೆಪೋಲಿಯನ್ ವಿರುದ್ಧ ಯುದ್ಧ ನಡೆಯುತ್ತಿದ್ದಾಗಲೇ, 1812ರಲ್ಲಿ, ಬ್ರಿಟನ್ನಿನ ವೈಭವ ಮುಗಿದು ಲಂಡನ್ ಪಾಳುಬಿದ್ದಂತೆ, ದೂರದೇಶದವರು ಅದನ್ನು ನೋಡಲು ಬಂದಂತೆ ಆಕೆ ಬರೆದಳು. ವಿಮರ್ಶಕರು ಕೆಟ್ಟದಾಗಿ ಮೇಲೆ ಬಿದ್ದರು.

ಥಾಮಸ್ ಸ್ಪೆನ್ಸ್‌ನನ್ನು ಮಾತ್ರ ಸಮಯ ಮಾಡಿಕೊಂಡೇ ಓದಿ. ಹುಟ್ಟಿದ್ದು 1750ರಲ್ಲಿ ನ್ಯೂಕಾಸಲ್‌ನಲ್ಲಿ. ಎಲ್ಡನ್ ಹುಟ್ಟಿದ್ದೂ ಅದೇ ಊರಲ್ಲಿ, ಮರುವರ್ಷ. ಒಬ್ಬ ದೇಶದ ಕಾನೂನಿನ ತುದಿಗೇರಿದ, ಇನ್ನೊಬ್ಬ ಲಂಡನ್ನಿನ ಬೀದಿಯಲ್ಲಿ ಬಿಸಿ ಪಾನಕದ ಜೊತೆ ಪುಸ್ತಿಕೆ ಮಾರುತ್ತ ಮತ್ತೆ ಮತ್ತೆ ಜೈಲಿಗೆ ಹೋದ. ಬರ್ಕ್‌ನ ಹಂದಿಯ ಮಾತಿಗೆ ಉತ್ತರವಾಗಿ ‘ಪಿಗ್ಸ್ ಮೀಟ್’, ಅಂದರೆ ಹಂದಿಯ ಮೇವು, ಎಂಬ ಹೆಸರಿನಲ್ಲೇ 1 ಪೆನ್ನಿಯ ವಾರಪತ್ರಿಕೆ ತಂದ. ನಾಣ್ಯದಂಥ ಬಿಲ್ಲೆಗಳ ಮೇಲೆ ಘೋಷಣೆ ಅಚ್ಚೊತ್ತಿಸಿ ಹಂಚಿದ. ಬ್ರಿಟಿಷ್ ಮ್ಯೂಸಿಯಂನ ಜಾಲತಾಣದಲ್ಲಿ ಅವುಗಳ ಚಿತ್ರಗಳಿವೆ.

ಅವನ ‘ಮಕ್ಕಳ ಹಕ್ಕುಗಳು’ 1797ರ ಸಣ್ಣ ಪುಸ್ತಿಕೆ. ಒಬ್ಬ ಹೆಂಗಸು ಮತ್ತು ಒಬ್ಬ ಶ್ರೀಮಂತನ ನಡುವಿನ ಸಂಭಾಷಣೆ. ಊರಿನ ಭೂಮಿ ಊರಿಗೇ ಸೇರಲಿ, ಗೇಣಿ ಹಣದಲ್ಲಿ ಊರಿನ ಖರ್ಚು ಕಳೆದು ಉಳಿದದ್ದನ್ನು ಹಸುಳೆಯಿಂದ ಮುದುಕರವರೆಗೆ ಎಲ್ಲರಿಗೂ ಸಮನಾಗಿ ಹಂಚಿ ಅನ್ನುತ್ತಾಳೆ ಆಕೆ. ಅದೇ ವರ್ಷ ಪೇಯ್ನ್ ‘ಅಗ್ರೇರಿಯನ್ ಜಸ್ಟಿಸ್’ ಪ್ರಕಟಿಸಿದ್ದ. ಅದರಲ್ಲಿ 21 ತುಂಬಿದವರಿಗೆ 15 ಪೌಂಡ್, 50 ದಾಟಿದವರಿಗೆ ವರ್ಷಕ್ಕೆ 10 ಪೌಂಡ್ ಕೊಡಿ ಎಂದಿದ್ದ. ಭೂಮಿಯನ್ನೇ ಕಿತ್ತುಕೊಂಡವರಿಂದ ಇಷ್ಟೇ ಇಷ್ಟು ಕೇಳುವುದೇ ಅಂತ ಸ್ಪೆನ್ಸ್ ಪೇಯ್ನ್ ಮೇಲೂ ಸಿಟ್ಟಾದ. ಎರಡೂ ಪುಸ್ತಿಕೆಗಳನ್ನು ಒಂದೇ ಭಾನುವಾರ ಓದಬಹುದು. ಪೇಯ್ನ್‌ನದು ಮೊದಲು, ಸ್ಪೆನ್ಸ್‌ನದು ಆಮೇಲೆ. ಓದಿ ಮುಗಿಸಿ ಯಾರ ಕಡೆ ವಾಲುತ್ತೀರಿ ಅಂತ ನೋಟ್‌ಬುಕ್ಕಿನ ನಡುವಿನ ಕಾಲಂನಲ್ಲಿ, ಬೆಲೆಯ ಪಕ್ಕ, ಬರೆದಿಡಿ.